ಗುಡ್ಡದ ಸರ್

ಕಲಬುರಗಿಯಲ್ಲಿ ಬಿಸಿಲಿಗೆ ಬರವಿಲ್ಲ, ತೊಗರಿಗೂ ಬರವಿಲ್ಲ. ಬರ ಇರುವುದು ಗುಡ್ಡಕ್ಕೆ. 1347ರಲ್ಲಿ ಇಲ್ಲಿ ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರ ಕೋಟೆಯೂ ಸಪಾಟು ನೆಲದ ಮೇಲೇ ಕೂತಿದೆ, ಸುತ್ತ ಕಂದಕ ತೋಡಿಕೊಂಡು. ಇಂಥ ಊರಲ್ಲಿ ನಮ್ಮ ಓಣಿಯ ಸರ್ ಒಬ್ಬರು ಐವತ್ತೆರಡನೇ ವಯಸ್ಸಿಗೆ ಟ್ರೇಲ್ ರನ್ನರ್ ಆದರು. ಬರೀ ರನ್ನರ್ ಅಂದರೆ ಸಿಟ್ಟು. “ಡಾಂಬರ್ ಮ್ಯಾಲ ಓಡಾಂವ ರನ್ನರ್. ನಂದು ಗುಡ್ಡ” ಅನ್ನುತ್ತಾರೆ. ಓಣಿಯವರು ಎರಡನೇ ಮಾತನ್ನಷ್ಟೇ ಹಿಡಿದುಕೊಂಡರು. ಗುಡ್ಡದ ಸರ್ ಎಂಬ ಹೆಸರು ಉಳಿಯಿತು.

ಅಭ್ಯಾಸಕ್ಕೆ ಏರು ಬೇಕಲ್ಲ? ಸಿಕ್ಕಿದ್ದು ರೈಲ್ವೆ ಮೇಲ್ಸೇತುವೆ. ಬೆಳಗಿನ ಐದಕ್ಕೆ ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡು, ಅದರ ನಳಿಗೆಯನ್ನು ಚೀಪುತ್ತ, ಹನ್ನೊಂದು ಸಲ ಹತ್ತಿ ಇಳಿಯುತ್ತಾರೆ. ಮೊದಲ ವಾರ ಚಹಾದಂಗಡಿಯವ ಮರುಕಪಟ್ಟು ಕೇಳಿದ್ದ: “ಏನರ ಕಳಕೊಂಡೀರೇನ್ರಿ ಸರ್? ನಮ್ಮ ಹುಡುಗನಿಗೂ ಹುಡುಕಲಕ್ಕ ಕಳಸ್ತೀನಿ.”

ಅವರ ಕನಸಿರುವುದು ಫ್ರಾನ್ಸಿನ ಮೋಂ ಬ್ಲಾಂ ಪರ್ವತದ ಸುತ್ತ. 2003ರಿಂದ ಅಲ್ಲೊಂದು ಓಟ ನಡೆಯುತ್ತದೆ, ಸುಮಾರು 170 ಕಿಲೋಮೀಟರ್, ಒಟ್ಟು ಏರು ಹತ್ತು ಸಾವಿರ ಮೀಟರ್. ಮೇಲ್ಸೇತುವೆಯ ಎತ್ತರ ಎಂಟು ಮೀಟರ್ ಅಂತ ಹಿಡಿದರೆ 1,250 ಸಲ ಹತ್ತಬೇಕೆಂದು ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಿಟ್ಟಿದ್ದಾರೆ. ಒಂದು ಸಂಜೆ ಇದನ್ನೆಲ್ಲ ಅವರ ಅತ್ತೆಯ ಮುಂದೆ ಹೇಳಿದರು. ಆಕೆ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿಬಂದವರು, ಮುನ್ನೂರು ಕಿಲೋಮೀಟರ್ ಮೀರಿದ ಹಾದಿ, ಅದೂ ಬರಿಗಾಲಲ್ಲಿ. ತಾಳ್ಮೆಯಿಂದ ಕೇಳಿ, “ಅಲ್ಲಿ ಯಾವ ದೇವ್ರದಾನ?” ಅಂದರು.

“ದೇವರಿಲ್ರಿ ಅತ್ತಿ. ಗುಡ್ಡ ಸುತ್ತಿ ಹೊಂಟಲ್ಲಿಗೇ ತಿರುಗಿ ಬರೂದು.”

“ಹಂಗಾದ್ರ ಹೋಗೂದ್ಯಾಕ?”

ಈ ಪ್ರಶ್ನೆಗೆ ಸರ್ ಇನ್ನೂ ಉತ್ತರ ಹುಡುಕುತ್ತಿದ್ದಾರೆ.

ಫ್ರಾನ್ಸ್ ದೂರವಾಯಿತು, ಕಮಲಾಪುರ ಹತ್ತಿರ. “ಅಲ್ಲೆಲ್ಲಿ ಗುಡ್ಡ ಅವ?” ಅಂದೆ ನಾನು. ಸರ್ ಸಾಕ್ಷಿ ಸಮೇತ ತಯಾರಿದ್ದರು. ಬೀದರ್ ರೈಲು ಮಾರ್ಗ 2017ರಲ್ಲಿ ಶುರುವಾಯಿತಲ್ಲ, ಅದಕ್ಕೆ ಮರಗುತ್ತಿ ಹತ್ತಿರ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದಿದ್ದಾರೆ. “ಸಪಾಟ ನೆಲಕ್ಕ ಯಾರರ ಸುರಂಗ ಕೊರೀತಾರೇನ್ರಿ?” ವಾದದಲ್ಲಿ ಸೋತೆ. ಸೋತವನು ಭಾನುವಾರ ಜೊತೆಗೆ ಹೋಗಬೇಕೆಂಬುದು ಅವರೇ ಮಾಡಿದ ಕಾಯಿದೆ.

ಹುಮನಾಬಾದ್ ರಸ್ತೆ ಮಹಾಗಾಂವ ಕ್ರಾಸ್ ದಾಟುವ ತನಕ ಅಂಗೈ ಹಾಗೆ. ಕಮಲಾಪುರ ಬಂತೆನ್ನುವಾಗ ನೆಲ ಒಮ್ಮೆಲೇ ಕೆಳಗಿಳಿದು ಎರಡೂ ಕಡೆ ಕೆಂಪು ಗುಡ್ಡ ಏಳುತ್ತವೆ. ಶ್ರಾವಣದ ಹಸಿರು ಬೇರೆ. ಸರ್ ಅಡ್ಡದಾರಿ ಅಂತ ತೊಗರಿ ಹೊಲಕ್ಕೆ ಇಳಿದರು. ಹದಿನಾಲ್ಕು ಸಾವಿರದ ಬೂಟು (ಮನೆಯಲ್ಲಿ ಹೇಳಿರುವುದು ನಾಲ್ಕು), ಅಡಿಗೆ ಹಲ್ಲು ಹಲ್ಲು ರಬ್ಬರು, ಎಂಥ ನೆಲವನ್ನೂ ಕಚ್ಚಿ ಹಿಡಿಯುತ್ತದಂತೆ. ರಾತ್ರಿ ಮಳೆಯಾಗಿತ್ತು. ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಕಿಲೋ ಕಿಲೋ ಎರಿ ಮಣ್ಣು, ಹನ್ನೊಂದನೆಯದಕ್ಕೆ ಕಾಲಷ್ಟೇ ಮೇಲೆ ಬಂತು, ಬೂಟು ಹೊಲದಲ್ಲೇ ಉಳಿಯಿತು. ಬದುವಿನ ಮೇಲೆ ಕೂತಿದ್ದ ರೈತ ಎದ್ದು ಬಂದು ಎರಡೂ ಕೈಯಿಂದ ಕಿತ್ತುಕೊಟ್ಟ. “ಗ್ರಿಪ್ ಬೂಟಿಗಿಲ್ರಿ ಸರ್, ನಮ್ಮ ಮಣ್ಣಿಗದ.”

ಗುಡ್ಡದ ಮೇಲೆ ಮಾತ್ರ ಅವರು ಬೇರೆಯೇ ಮನುಷ್ಯ. ಓಟ ಅಂದೆನೇ? ಓಡಿದ್ದು ಕಮ್ಮಿ. ಸೀತಾಫಲದ ಕಂಟಿ ಕಂಡರೆ ನಿಂತರು, ಬಟಾಣಿಯಷ್ಟು ಹೀಚನ್ನು ಬೆರಳಲ್ಲಿ ಎತ್ತಿ ನೋಡಿ, ಹರಿಯದೆ ಬಿಟ್ಟರು. ನವಿಲು ಕೂಗಿತು, ನಿಂತರು. ನಿಂತಾಗೆಲ್ಲ ಕೈಗಡಿಯಾರ ಕಿರ್ ಎಂದು ತಕರಾರು ತೆಗೆಯುತ್ತಿತ್ತು, ಅವರಿಗದು ಕೇಳಿಸಲೇ ಇಲ್ಲ. ತುದಿ ಮುಟ್ಟಿದ ಮೇಲೆ ಕವಿತೆ ಉಕ್ಕಿತು. ಬರೆಯಲು ಉಸಿರಿಲ್ಲ, ಫೋನಿಗೆ ಬಾಯಲ್ಲೇ ಹೇಳಿದರು: “ಗಿರಿಯೇ, ನಿನ್ನ ಮಡಿಲಲ್ಲಿ...” ಏದುಸಿರಿನ ಕನ್ನಡ ಫೋನಿಗೆ ಹೇಗೆ ಕೇಳಿಸಿತೋ, “ಗಿರಣಿ ನಿನ್ನ ಮೊಬೈಲಲ್ಲಿ” ಎಂದು ಮೂಡಿತು. ಸರ್ ಎರಡು ಸಲ ಓದಿಕೊಂಡು, “ಇರಲಿ ಬಿಡ್ರಿ, ನವ್ಯ ಆತು” ಅಂದರು.

ಇಳಿದ ಮೇಲೆ ಕೆಂಪು ಬಾಳೆ. ಜಿಐ ಮಾನ್ಯತೆ ಇರುವ ಹಣ್ಣು, ಗೊನೆ ಕೈಗೆ ಬರಲು ಒಂದೂವರೆ ವರ್ಷ ಬೇಕು. ಮಾರುವಾಕೆ ರೇಟು ಹೇಳಿದಳು. ನಾನು ಹೌಹಾರಿದೆ. ಸರ್ ಚೌಕಾಸಿ ಮಾಡದೆ ಡಜನ್ ಕೊಂಡು, ಆರನ್ನು ಅಲ್ಲೇ ತಿಂದರು. ಅದಕ್ಕೆ ರಿಕವರಿ ಅನ್ನಬೇಕಂತೆ.

ಮನೆ ಬಾಗಿಲಲ್ಲಿ ಅವರ ಹೆಂಡತಿ ಬೂಟುಗಳನ್ನು ಕೈಗೆ ತೆಗೆದುಕೊಂಡರು. ಈಗ ಬೈಗುಳ ಶುರು ಅಂತ ನಾನು ಮೆಲ್ಲಗೆ ಗೇಟಿನ ಕಡೆ ಸರಿದೆ. ಆಕೆ ಕಡ್ಡಿಯಿಂದ ಮಣ್ಣು ಕೆರೆದು, ಮೇಲಿನ ಕೆಂಪನ್ನು ಒಂದು ಕಡೆ, ಒಳಗಿನ ಕರಿದನ್ನು ಒಂದು ಕಡೆ ಮಾಡಿದರು. ಕೆಂಪು ಮಲ್ಲಿಗೆ ಕುಂಡಕ್ಕೆ ಹೋಯಿತು.

“ಮುಂದಿನ ವಾರ ಹೊಲದಾಗ ಇಳೀಬ್ಯಾಡ್ರಿ, ಸೀದಾ ಗುಡ್ಡಕ್ಕ ಹೋಗ್ರಿ. ಗುಲಾಬಿಗೂ ಬೇಕಾಗ್ಯದ.”