ಗುಲಗಂಜಿ ತೂಕದ ಹಕಾರ

ಕಪಿಲಾನದಿಯಲ್ಲಿ ಮಿಂದು, ಶ್ರೀಕಂಠೇಶ್ವರನ ದರ್ಶನವನ್ನು ಮುಗಿಸಿ, ಮನೆಯ ಜಗಲಿಯ ಮೇಲೆ ಕುಳಿತು, ಉತ್ತರೀಯದ ಸೆರಗಿನಿಂದ ಮೊಬೈಲಿನ ಗಾಜನ್ನು ಒರೆಸಿ, ಅನಂತರವಷ್ಟೇ ಲೋಕದ ಕನ್ನಡವನ್ನು ತಿದ್ದಲು ಉಪಕ್ರಮಿಸುವ ನಿವೃತ್ತ ಪಂಡಿತರೊಬ್ಬರು ನಂಜನಗೂಡಿನ ಬೀದಿಬೀದಿಗೂ ಇರುವರೆಂದರೆ ಅತಿಶಯೋಕ್ತಿಯಾದೀತು. ವಾಟ್ಸಾಪ್ ಗುಂಪಿಗೊಬ್ಬರು ಇರುವರೆಂದರೆ ಮಾತ್ರ ಯಾರೂ ಅಲ್ಲಗಳೆಯಲಾರರು. ನಮ್ಮ ಗುಂಪಿನ ಪಂಡಿತರು ಶೋಕಪ್ರಸಂಗದಲ್ಲಿಯೂ ಕರ್ತವ್ಯಭ್ರಷ್ಟರಾದವರಲ್ಲ. ನೆರೆಮನೆಯ ವೃದ್ಧರೊಬ್ಬರು ದೈವಾಧೀನರಾದ ದಿನ ಯಾರೋ ಅವಸರದಲ್ಲಿ 'ಶ್ರದ್ದಾಂಜಲಿ' ಎಂದು ಬರೆದುದನ್ನು ಕಂಡು, "ಪ್ರಾಣ ಹೋದದ್ದು ಅವರಿಗೆ, ಶ್ರದ್ಧಾಂಜಲಿಯ ಮಹಾಪ್ರಾಣವನ್ನು ತಾವೇಕೆ ತೆಗೆದಿರಿ?" ಎಂದು ವಿಚಾರಿಸಿದವರು ಅವರು.

ತಿರುಮಕೂಡಲು ನರಸೀಪುರವನ್ನು ಜಗತ್ತೆಲ್ಲವೂ 'ಟಿ. ನರಸೀಪುರ'ವೆಂದು ಕರೆಯುವುದು ಅವರ ಜೀವಮಾನದ ಸಂಕಟ. ಕಾವೇರಿಯೂ ಕಪಿಲೆಯೂ ಕೂಡುವ ಪುಣ್ಯಸ್ಥಳದ ಹೆಸರಿನಲ್ಲಿ 'ತಿ' ಇರಬೇಕಾದೆಡೆ ಇಂಗ್ಲಿಷಿನ 'ಟಿ' ಬಂದು ಕುಳಿತಿರುವುದನ್ನು ಸಹಿಸಲಾರದೆ, "ಟೀ ಇರುವುದು ಕುಡಿಯುವುದಕ್ಕಪ್ಪ, ಊರ ಹೆಸರಿಗಲ್ಲ" ಎಂದು ಅವರು ಬಸ್ಸಿನ ಕಂಡಕ್ಟರಿಗೆ ಉಪದೇಶಿಸುವರು. "ಆಗಲಿ ಸ್ವಾಮಿ, ಟೀ ನರಸೀಪುರಕ್ಕೆ ಒಂದೇ ತಾನೆ?" ಎಂದು ಆತನು ಚೀಟಿ ಹರಿದುಕೊಡುವನು.

ಇಂತಹವರಿಗೂ ವಿಧಿಯು ಒಂದು ಪರೀಕ್ಷೆಯನ್ನಿಟ್ಟಿತು. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ನಾಡಿಗೆಲ್ಲ ಹೆಸರಾದ ಊರಿನಲ್ಲಿ ಹುಟ್ಟಿಯೂ, ಶಿಷ್ಯರ ಒತ್ತಕ್ಷರಗಳನ್ನು ಕಂಡು ಮೂವತ್ತು ವರ್ಷ ಹಲ್ಲು ಕಡಿದುದರ ಫಲವಾಗಿ, ನಮ್ಮ ಪಂಡಿತರ ಬಾಯಿಯಲ್ಲಿ ಈಗಿರುವುದು ಕಟ್ಟಿಸಿಕೊಂಡ ಸೆಟ್ಟು. ಒತ್ತಕ್ಷರಗಳನ್ನು ಒತ್ತಿ ಒತ್ತಿ ಬೆರಳು ನೊಂದು, ಬಾಯಿಮಾತನ್ನೇ ಬರಹವಾಗಿಸುವ ವಿದ್ಯೆಯನ್ನು ಮೊಮ್ಮಗಳಿಂದ ಕಲಿತಿದ್ದ ಅವರು, ನರಸೀಪುರದ ಸೋದರಳಿಯನ ಮದುವೆ ಗೊತ್ತಾದ ಬೆಳಗ್ಗೆ, ಸೆಟ್ಟಿನ್ನೂ ನೀರಿನ ಬಟ್ಟಲಿನಲ್ಲಿರುವಾಗಲೇ, 'ಹಾರ್ದಿಕ ಶುಭಾಶಯಗಳು' ಎಂದು ಗಂಭೀರವಾಗಿ ಉಚ್ಚರಿಸಿದರು. ಯಂತ್ರವು ಅಷ್ಟೇ ಗಂಭೀರವಾಗಿ 'ಆರ್ಥಿಕ ಶುಭಾಶಯಗಳು' ಎಂದು ಬರೆದು, ಬಂಧುವರ್ಗಕ್ಕೆಲ್ಲ ಮುಟ್ಟಿಸಿತು.

ಹಾಲನ್ನು 'ಆಲು' ಎಂದುದಕ್ಕಾಗಿ ಬಾಲ್ಯದಲ್ಲಿ ಇವರಿಂದಲೇ ಕಿವಿ ಹಿಂಡಿಸಿಕೊಂಡಿದ್ದ ಅಳಿಯನು ಕೂಡಲೇ ಉತ್ತರಿಸಿದನು: "ಮಾವ, ನಿಮ್ಮ ಆರ್ಥಿಕ ಶುಭಾಶಯ ಬಂತು, ಅರ್ಥ ಇನ್ನೂ ಬರಲಿಲ್ಲ."

ತಪ್ಪಾಯಿತೆಂದು ಒಪ್ಪಿಕೊಳ್ಳಲು ಎರಡು ಪದಗಳು ಸಾಕಾಗಿದ್ದುವು. ಪಂಡಿತರಾದರೋ, ಹಲ್ಲು ಹಾಕಿಕೊಂಡು, "ನನ್ನ ಪ್ರಯೋಗವು ಸಾರ್ಥಕವೆಂಬುದು ಧಾರೆಯ ದಿನ ತಿಳಿಯುವುದು" ಎಂದು ತಿಳಿಸಿ, ಆ ದಿನ ನರಸೀಪುರಕ್ಕೆ ಬಸ್ಸು ಹತ್ತಿ ಹೋಗಿ, ಐನೂರೊಂದು ರೂಪಾಯಿ ಮುಯ್ಯಿ ಓದಿಸಬೇಕಾದಲ್ಲಿ ಐದು ಸಾವಿರದೊಂದನ್ನು ಕೊಟ್ಟು ಬಂದರು. ಗುಂಜಾನರಸಿಂಹಸ್ವಾಮಿಯು ಗುಲಗಂಜಿಯನ್ನು ಧರಿಸಿ ನಿಂತಿರುವ ಆ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬ ನಂಬಿಕೆ ಬಹುಕಾಲದ್ದು. ಪಂಡಿತರ ತಕ್ಕಡಿಯಲ್ಲಿ ನಾಲ್ಕೂವರೆ ಸಾವಿರ ರೂಪಾಯಿಗಿಂತ ಮಾನವೂ ಅಷ್ಟೇ ತೂಕ ಹೆಚ್ಚಾಗಿ ನಿಂತಿತು.

ಲಕೋಟೆಯ ಮೇಲೆ ಸ್ವಹಸ್ತದಿಂದ 'ಹಾರ್ದಿಕ' ಎಂದು ಬರೆದಿದ್ದರು. ಹಕಾರವು ಉಳಿದ ಅಕ್ಷರಗಳಿಗಿಂತ ತುಸು ದೊಡ್ಡದಾಗಿತ್ತು.