ಅವಧಿ ತೀರಿದ ಆಪ್ತಸಲಹೆಗಾರ

ಮನುಷ್ಯನು ತನ್ನ ಕೆಲಸವನ್ನು ನಾಳೆಗೆ ನೂಕುವುದೇಕೆ ಎಂಬ ವಿಷಯವಾಗಿ ನಾನು ಇಪ್ಪತ್ತೆರಡು ವರ್ಷಗಳ ಕಾಲ ಅನ್ಯರಿಗೆ ಉಪದೇಶ ಮಾಡುತ್ತ ಬಂದವನು. ಆ ಉಪದೇಶದ ಟಿಪ್ಪಣಿಗಳನ್ನಿಟ್ಟ ಕಡತದ ಅಡಿಯಲ್ಲಿಯೇ, ಅವಧಿ ತೀರಿ ಎರಡು ಮಳೆಗಾಲಗಳನ್ನು ಕಂಡಿದ್ದ ನನ್ನ ನೋಂದಣಿಯ ಪ್ರಮಾಣಪತ್ರವು, ಒಂದು ಜಿರಳೆಯ ಸಂಸಾರಕ್ಕೆ ಆಶ್ರಯವಿತ್ತು ನಿಶ್ಚಿಂತವಾಗಿ ಮಲಗಿದ್ದ ಸಂಗತಿ ಕಳೆದ ದೀಪಾವಳಿಯಲ್ಲಿ ಮನೆಯ ಧೂಳು ಹೊಡೆಯುವಾಗ ಬಯಲಾಯಿತು. ಬಯಲು ಮಾಡಿದವಳು ನನ್ನ ಹೆಂಡತಿ. ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದುವ ಧ್ವನಿಯಲ್ಲಿ, "ಏನ್ರೀ, ನಿಮ್ಮ ಡೇಟು ಮುಗಿದುಹೋಗಿದೆಯಲ್ರೀ!" ಎಂದಳು.

ಮೊಣಕಾಲಿನ ನೋವಿನ ದೆಸೆಯಿಂದ ಆ ಎರಡು ವರ್ಷವೂ ನಾನು ಕೆಲಸ ಬಿಟ್ಟು ಮನೆಯಲ್ಲಿದ್ದುದು ನನ್ನ ಪುಣ್ಯ. ಇಲ್ಲವಾದರೆ ನಾನು ಅಪರಾಧಿಯಾಗುತ್ತಿದ್ದೆ. ಅಂಗವೈಕಲ್ಯವುಳ್ಳ ಮಕ್ಕಳ ತಂದೆತಾಯಿಗಳೊಡನೆ ಕುಳಿತು ಸಮಾಧಾನ ಹೇಳುವ ನನ್ನಂಥವರನ್ನು, 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯು, ವಿಶೇಷ ಶಿಕ್ಷಕರು, ವಾಕ್ ಚಿಕಿತ್ಸಕರು, ಕೃತಕ ಕಾಲು ಮಾಡುವವರು, ಶ್ರವಣಯಂತ್ರಕ್ಕಾಗಿ ಕಿವಿಯ ಅಚ್ಚು ತೆಗೆಯುವವರು ಮೊದಲಾದವರೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿ, ಕೇಂದ್ರೀಯ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರಿಲ್ಲದವನು ಈ ವೃತ್ತಿಯನ್ನು ಮಾಡಕೂಡದೆಂದು ವಿಧಿಸಿದೆ. ಮೀರಿದವನಿಗೆ ಒಂದು ವರ್ಷದವರೆಗಿನ ಕಾರಾಗೃಹವಾಸ, ಇಲ್ಲವೆ 1,000 ರೂಪಾಯಿಯವರೆಗಿನ ದಂಡ, ಇಲ್ಲವೆ ಎರಡೂ. ಆ ಎರಡರ ನಡುವೆ 'ಇಲ್ಲವೆ' ಎಂಬ ಅವ್ಯಯವನ್ನಿಟ್ಟ ಮಹನೀಯರು ನನ್ನ ಜೀವಿತದ ಒಂದು ವರ್ಷಕ್ಕೆ ಎಷ್ಟು ನ್ಯಾಯವಾದ ಬೆಲೆ ಕಟ್ಟಿದ್ದಾರೆಂದು ನನ್ನ ಹೆಂಡತಿ ಮನಸಾರೆ ಮೆಚ್ಚಿಕೊಂಡಳು.

ಈಗ ಕಾಲು ತಕ್ಕಮಟ್ಟಿಗೆ ಸರಿಹೋಗಿ, ಊರಿನ ಒಂದು ಶಾಲೆಯವರು ವಾರಕ್ಕೆರಡು ದಿನ ಬನ್ನಿರೆಂದು ಕರೆದಿದ್ದರಾಗಿ, ನವೀಕರಣವು ಅನಿವಾರ್ಯವಾಯಿತು. ಐದು ವರ್ಷಕ್ಕೊಮ್ಮೆ ಆಗಬೇಕಾದ ಈ ಸಂಸ್ಕಾರಕ್ಕೆ ಆ ಅವಧಿಯಲ್ಲಿ ಸಂಪಾದಿಸಿದ 100 ಅಂಕಗಳು ಬೇಕು. ನಿರಂತರ ಪುನರ್ವಸತಿ ಶಿಕ್ಷಣವೆಂದು ಅದರ ನಾಮಧೇಯ. ನಮ್ಮವರ ಬಾಯಲ್ಲಿ ಬರಿಯ ಸಿ.ಆರ್.ಇ. ಪುಣ್ಯವು ಕ್ಷಯಿಸಿದೊಡನೆ ಸ್ವರ್ಗದಿಂದ ಮರ್ತ್ಯಕ್ಕೆ ಬೀಳುವ ಜೀವಗಳ ಕಥೆಯನ್ನು ಬಾಲ್ಯದಲ್ಲಿ ಕೇಳಿದ್ದೆನಾದರೂ, ಆ ಪುಣ್ಯಕ್ಕೆ ಪ್ರತ್ಯೇಕ ಸರ್ಟಿಫಿಕೇಟುಗಳಿದ್ದು ಅವನ್ನು ಜೋಪಾನವಾಗಿಟ್ಟುಕೊಳ್ಳಬೇಕೆಂದು ಆಗ ಯಾರೂ ಹೇಳಿರಲಿಲ್ಲ. ಹುಡುಕಿದೆವು. ಮೂರು ನನ್ನ ಜಾತಕದೊಡನೆ ಟ್ರಂಕಿನಲ್ಲಿ ಸಿಕ್ಕವು. ಒಂದು ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯ ಕೆಳಗಿತ್ತು. ಎಣ್ಣೆಯ ವೃತ್ತವು ಸಭೆಯ ಹೆಸರನ್ನೂ ಅಧ್ಯಕ್ಷರ ರುಜುವನ್ನೂ ಗೌರವದಿಂದ ಬಿಟ್ಟು, ಅಂಕದ ಸ್ಥಳವನ್ನು ಮಾತ್ರ ನುಂಗಿತ್ತು. ಒಟ್ಟು ಲೆಕ್ಕ 64ಕ್ಕೆ ನಿಂತಿತು.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಹಾದಿಯಲ್ಲಿ ಬೆಳಗಿನ ಹೊತ್ತು ವಾಯುಸೇವನೆ ಮಾಡುವುದು ನನ್ನ ಬಹುಕಾಲದ ಅಭ್ಯಾಸ. ಆದರೆ ವಿದ್ಯೆಯ ಪಕ್ಕದಲ್ಲಿ ನಡೆದುಹೋದವನಿಗೆ ಅಂಕ ಕೊಡುವ ಪದ್ಧತಿ ಯಾವ ಪರಿಷತ್ತಿನಲ್ಲಿಯೂ ಇಲ್ಲ. ಆದುದರಿಂದ ಮುಂದಿನ ತಿಂಗಳುಗಳಲ್ಲಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ, ಕೊರಳಿಗೆ ಹೆಸರಿನ ಬಿಲ್ಲೆ ತೂಗುಹಾಕಿಕೊಂಡು ಕಾರ್ಯಾಗಾರಗಳಲ್ಲಿ ಕುಳಿತೆ. ಅವುಗಳಲ್ಲಿ ಒಂದರ ವಿಷಯ, 'ಆಲಿಸುವ ಕಲೆ'. ಉಪನ್ಯಾಸವು ಊಟದ ತರುವಾಯ ಇದ್ದಿತು. ಊಟದಲ್ಲಿ ಬಿಸಿಬೇಳೆ ಬಾತು ಇದ್ದಿತು. ಇವೆರಡರ ಪೂರ್ವಾಪರ ಸಂಬಂಧವನ್ನು ಅರಿತವರು ನನ್ನನ್ನು ಕ್ಷಮಿಸಿಯಾರು. ಚಪ್ಪಾಳೆಯ ಸದ್ದಿಗೆ ಕಣ್ಣು ತೆರೆದಾಗ ಉಪನ್ಯಾಸಕರು ನನ್ನ ಕಡೆಗೇ ನೋಡಿ ನಗುತ್ತಿದ್ದರು. ಅಂಕಗಳೇನೋ ಪೂರ್ತಿಯಾಗಿ ಬಂದವು.

ಅರ್ಜಿಯ ಭಾಗವನ್ನು ಹೆಚ್ಚು ವಿಸ್ತರಿಸಲಾರೆ. ನಮ್ಮ ಬೀದಿಯ ಸೈಬರ್ ಸೆಂಟರಿನ ಹುಡುಗನು ನನ್ನ ಭಾವಚಿತ್ರವನ್ನು ಮೂರು ಸಲ ಏರಿಸಿ, ಮೂರು ಸಲವೂ ತಿರಸ್ಕೃತನಾಗಿ, "ಕೆ.ಬಿ. ಕಮ್ಮಿ ಮಾಡ್ಬೇಕು ಅಂಕಲ್, ನೀವು ಜಾಸ್ತಿ ಆಗಿದ್ದೀರಿ" ಎಂದನು. ನಲವತ್ತು ವರ್ಷಗಳಿಂದ ಮನೆಯಲ್ಲಿ ಸೂಚ್ಯವಾಗಿದ್ದುದನ್ನು ಅವನು ವಾಚ್ಯವಾಗಿ ಹೇಳಿದನು, ಅಷ್ಟೆ.

ಅರ್ಜಿ ಹೋಗಿ ಉತ್ತರ ಬಾರದಿದ್ದ ದಿನಗಳಲ್ಲಿ, ಒಂದು ಸಂಜೆ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಬಂದು ಜಗಲಿಯ ಮೇಲೆ ಕುಳಿತರು. ಗದ್ದೆಯಂಚಿನ ಒಂದು ಹಲಸಿನ ಮರದ ನಿಮಿತ್ತವಾಗಿ ಹನ್ನೊಂದು ವರ್ಷಗಳಿಂದ ತಮ್ಮನೊಡನೆ ಮಾತು ಬಿಟ್ಟಿದ್ದ ಅವರ ವ್ಯಾಜ್ಯವು ನನಗೆ ಹೊಸದಲ್ಲ. ಆ ಕಥೆ ಮರದ ಬುಡವನ್ನು ಮುಟ್ಟುವ ಮೊದಲೇ ತಡೆದು, ನಮ್ಮ ಚಿಕ್ಕಪ್ಪನ ದೃಷ್ಟಾಂತವೊಂದನ್ನು ಹೇಳಿ, ಮೂರು ಸಲಹೆಗಳನ್ನು ಕೊಟ್ಟು ಕಳುಹಿಸುವುದು ನನ್ನ ರೂಢಿ. ಜಗಲಿಯ ಮಾತಿಗೆ ಕಾಯಿದೆ ಅನ್ವಯಿಸದೆಂದು ನನ್ನ ಬುದ್ಧಿಗೆ ಗೊತ್ತಿತ್ತು. ಆದರೆ ಒಳಗೆ ಅಕ್ಕಿ ಆರಿಸುತ್ತ ಕುಳಿತಿದ್ದವಳು "ಒಂದು ವರ್ಷ, ಇಲ್ಲವೆ ಸಾವಿರ ರೂಪಾಯಿ" ಎಂದು ಯಾರಿಗೋ ಹೇಳುವಂತೆ ಹೇಳಿದುದು ಕಿವಿಗೆ ಬಿದ್ದುದರಿಂದ, ನಾನು ಬಾಯಿ ಮುಚ್ಚಿಕೊಂಡು "ಹ್ಞೂಂ" ಎಂಬುದಕ್ಕಿಂತ ಹೆಚ್ಚೇನನ್ನೂ ಆಡದೆ ಒಂದು ಗಂಟೆ ಕುಳಿತೆ. ಮೇಷ್ಟ್ರು ಮರದಿಂದ ತಮ್ಮನಿಗೆ, ತಮ್ಮನಿಂದ ತಾಯಿಗೆ, ತಾಯಿಯಿಂದ ಆಕೆ ಸುಡುತ್ತಿದ್ದ ಹಲಸಿನ ಹಪ್ಪಳಕ್ಕೆ ಬಂದು, ಅಲ್ಲಿ ತಡೆದು, ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. ಆ ಹಪ್ಪಳದ ಸುದ್ದಿಯನ್ನು ಹನ್ನೊಂದು ವರ್ಷಗಳಲ್ಲಿ ನಾನು ಕೇಳಿರಲೇ ಇಲ್ಲ.

ಎದ್ದು ಮೆಟ್ಟಿಲಿಳಿದವರು ಹಿಂದಿರುಗಿ ನೋಡಿ ಕೇಳಿದರು: "ರಾಯರೇ, ನಿಮ್ಮ ಲೈಸೆನ್ಸು ಬರೋದು ಯಾವಾಗ?"

"ಇನ್ನೊಂದು ತಿಂಗಳಾದರೂ ಆಗಬಹುದು."

"ಹಾಗಾದ್ರೆ ನಾಳೇನೂ ಬರ್ತೀನಿ" ಎಂದರು.