ಪಾಸು ಯಾರಿಗೆ?

ರಜೆಗೆ ಮೈಸೂರು ಎಂದು ಮನೆಯಲ್ಲಿ ಠರಾವಾಯಿತು. ಹೊರಟ ನಿಲ್ದಾಣಕ್ಕೇ ಮರಳುವ, ದಾರಿಯಲ್ಲಿ ಎಂಟು ಕಡೆಯವರೆಗೆ ಇಳಿಯಬಹುದಾದ ರೈಲಿನ ಸುತ್ತು ಪ್ರಯಾಣದ ಟಿಕೆಟ್ಟೇ ಅಗ್ಗವೆಂದು ನಾನು ರಾತ್ರಿಯಿಡೀ ಗುಣಾಕಾರ ಮಾಡಿದೆ. ಎಂಟು ವರ್ಷದ ಮಗಳಿಗೆ ಪ್ರತ್ಯೇಕ ಸೀಟು ಬೇಡವೆಂದರೆ ಅರ್ಧ ದರ. ಅವ್ವನ ಹಿರಿಯರ ರಿಯಾಯಿತಿ ಮಾತ್ರ 2020ರಲ್ಲೇ ಹೋಗಿದೆ. ನಮ್ಮ ಹಾನಗಲ್ಲಿಗೆ ರೈಲೇ ಇಲ್ಲ, ಹಾವೇರಿವರೆಗೆ ಬಸ್ಸೇ ಗತಿ ಎಂಬ ಸಣ್ಣ ಸಂಗತಿಯನ್ನು ಹಾಳೆಯ ಅಂಚಿಗೆ ತಳ್ಳಿದ್ದೆ.

ರೊಟ್ಟಿ ಬಡಿಯುತ್ತಲೇ ಹೆಂಡತಿ ಅಂದಳು: “ಅಲ್ರೀ, ಶಕ್ತಿ ಯೋಜನಾದಾಗ ಹೆಣ್ಮಕ್ಕಳು ನಮ್ಮ ಮೂವರಿಗೂ ಬಸ್ಸು ಫುಕಟ್ ಐತಿ. ರೊಕ್ಕಾ ಹತ್ತೋದು ನಿಮಗೊಬ್ಬರಿಗ. ನೀವು ಮನ್ಯಾಗಿದ್ರ ಪೂರಾ ಉಳಿತಾಯ!”

ಅವ್ವ ಆಗಲೇ ಆಧಾರ್ ಕಾರ್ಡು ಹುಡುಕಿ ಚೀಲಕ್ಕೆ ಹಾಕಿಕೊಂಡಿದ್ದಳು. 2023ರ ಜೂನ್‌ನಿಂದ ನಮ್ಮ ಮನೆಯಲ್ಲಿ ದುಬಾರಿ ಪ್ರಯಾಣಿಕ ನಾನೇ.